ಚಂದ್ರಮತಿಯಮ್ಮನ ಬೆಚ್ಚನೆಯ ಕೋಣೆ

ಮಖಮಲ್ಲಿನ ಹೊದಿಕೆಯ ಮೇಲೆ ಆ ಬೆರಳುಗಳು ಎಳೆಗೆ ಎದುರಾಗಿ ಓಡಿದರೆ ಬಟ್ಟೆ ಕಪ್ಪಾಗುತ್ತಿತ್ತು. ಹಿಂತಿರುಗಿ ಸವರಿದರೆ ಮತ್ತೆ ಹೊಳೆಯುತ್ತಿತ್ತು. ಚಂದ್ರಮತಿಯಮ್ಮ ಮಲಗಿದಲ್ಲೇ ದಿನವಿಡೀ ಈ ಆಟ ಆಡುತ್ತಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದು ಅವರಿಗೆ ಎರಡು ವರ್ಷವಾಗಿತ್ತು.

ನನ್ನನ್ನು ಕರೆಸಿದವರು ಅವರ ತಮ್ಮ ಶಾಂತಿರಾಜಯ್ಯ. "ಟೈಲರ್ರೇ, ಅಕ್ಕನ ರೂಮು ಬೆಚ್ಚಗಿರ್ಬೇಕು. ಗೋಡೆಗೆ ಕಂಬಳಿ, ಬಾಗ್ಲಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ. ಮುಂದಿನ ವಾರ ಮಗಳ ನಿಶ್ಚಿತಾರ್ಥ. ಆ ಗಲಾಟೇಲಿ ಪಾಪ, ಅಕ್ಕನ ನಿದ್ದೆ ಕೆಡ್ಬಾರ್ದು" ಎಂದಿದ್ದರು. ಇದ್ದರೆ ಇಂಥ ತಮ್ಮನಿರಬೇಕು ಎಂದುಕೊಂಡಿದ್ದೆ ನಾನು, ಪೆದ್ದ.

ಮನೆಗಳಿಗೆ ಪರದೆ ಹೊಲಿಯುವ ಮೊದಲು ನಾನು ನಾಟಕ ಕಂಪನಿಯಲ್ಲಿದ್ದವನು. ಅಲ್ಲಿ ಪರದೆಯ ಹಿಂದೆ ಮಂಚ ಎಳೆದರೂ ಮುಂದೆ ಕೂತವರಿಗೆ ಕೇಳಬಾರದು. ಅದಕ್ಕೇ ಪರದೆ ಕಟ್ಟಿದ ಮೇಲೆ ಒಳಗೊಬ್ಬರಿಂದ ಚಪ್ಪಾಳೆ ಹೊಡೆಸುತ್ತಿದ್ದೆವು. ಸದ್ದು ಹೊರಬಂದರೆ ಇನ್ನೊಂದು ಪದರ. ಆ ಚಟ ನನ್ನನ್ನು ಬಿಟ್ಟಿರಲಿಲ್ಲ.

ನಾಲ್ಕು ದಿನ ಚಂದ್ರಮತಿಯಮ್ಮನ ಕೋಣೆಯಲ್ಲೇ ಕೂತು ಹೊಲಿದೆ. "ಬೋಳುಗೋಡೆ ನೋಡಿ ನೋಡಿ ಸಾಕಾಗಿತ್ತು ಕಣಪ್ಪಾ. ನನ್ನ ತಮ್ಮನ್ನ ನೋಡು, ಈ ವಯಸ್ಸಲ್ಲಿ ನಂಗೆ ಮಖಮಲ್ಲು!" ಎಂದು ಹಿಗ್ಗುತ್ತಿದ್ದರು. ನೋವು ಕೆರಳಿದಾಗ ಮಾತ್ರ "ಶಾಂತೂ! ಶಾಂತೂ!" ಎಂದು ಮನೆಯ ಹೆಂಚು ಹಾರಿಹೋಗುವಂತೆ ಕೂಗುತ್ತಿದ್ದರು. ಯಾರಾದರೂ ಬಂದು ಮಗ್ಗುಲು ಹೊರಳಿಸಿದರೆ ಸಮಾಧಾನ. ಬಾರದಿದ್ದರೆ ಆ ನರಳಾಟ ನೋಡಲಾಗುತ್ತಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನ, "ಅಮ್ಮಾ, ನೀವೇ ಚಪ್ಪಾಳೆ ಹೊಡೀರಿ, ನಾನು ಹೊರಗೆ ನಿಂತು ಕೇಳ್ತೀನಿ" ಎಂದೆ.

"ಅಯ್ಯೋ ನಿನ್ನ! ಮುದುಕೀನ ಕುಣಿಸ್ತೀಯಾ?" ಎಂದು ನಕ್ಕರು.

ಮೊದಲ ಸಲ ಸಣ್ಣಗೆ ಕೇಳಿಸಿತು. ಬಾಗಿಲಿನ ಪರದೆಗೆ ಇನ್ನೊಂದು ಕಂಬಳಿ ಕೊಟ್ಟು ಹೊಲಿದೆ. ಎರಡನೆಯ ಸಲ ಶಾಂತಿರಾಜಯ್ಯನವರೂ ಬಂದು ನನ್ನ ಪಕ್ಕ ನಿಂತರು. ಏನೂ ಕೇಳಿಸಲಿಲ್ಲ. ನಾನು ಮೀಸೆ ತಿರುವುವುದರಲ್ಲಿದ್ದೆ, ಅವರು ಬೆನ್ನು ತಟ್ಟಿ ಮೆಲ್ಲಗೆ ಹೇಳಿದರು: "ಶಹಬ್ಬಾಸ್! ಬೀಗರ ಮುಂದೆ ನಮ್ಮ ಮರ್ಯಾದೆ ಉಳಿಸಿದ್ರಿ."

ಮೀಸೆಗೆ ಹೋದ ಕೈ ಕೆಳಗಿಳಿಸಿದೆ. ಒಳಗೆ ಹೋದರೆ ಚಂದ್ರಮತಿಯಮ್ಮ ಇನ್ನೂ ಚಪ್ಪಾಳೆ ಹೊಡೆಯುತ್ತಲೇ ಇದ್ದರು, ಅಂಗೈ ಕೆಂಪಾಗಿತ್ತು.

"ಕೇಳಿಸ್ತೇನಪ್ಪಾ?"

"ಇಲ್ಲಮ್ಮಾ."

ಬೆರಳುಗಳು ಹೊದಿಕೆಯ ಮೇಲೆ ಎದುರಾಗಿ ಓಡಿ, ಕಪ್ಪಾದಲ್ಲೇ ನಿಂತವು. "ಹಾಗಾದ್ರೆ... ನಾನು ಕೂಗಿದ್ರೆ?"

ನಾನು ನೆಲದ ಮೇಲಿದ್ದ ದಾರದ ತುಂಡು ಆರಿಸತೊಡಗಿದೆ.

"ಆ ಬಾಗ್ಲದ್ದೊಂದು ತೆಗೆದುಬಿಡಪ್ಪಾ. ಮಿಕ್ಕಿದ್ದೆಲ್ಲ ಇರ್ಲಿ, ಚೆನ್ನಾಗಿದೆ" ಎಂದರು, ಬೇಡುವ ದನಿಯಲ್ಲಿ.

ಕತ್ತರಿ ನನ್ನ ಕೈಯಲ್ಲೇ ಇತ್ತು. ಶಾಂತಿರಾಜಯ್ಯ ಹೊಸಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. "ನಾಳೆ ಬಂದು ತೆಗೀತೀನಮ್ಮಾ" ಎಂದೆ. ಥೂ, ಎಂಥ ಹೇಡಿ ನಾನು! ನಾಳೆ ಹೋಗುವುದಿಲ್ಲವೆಂದು ಆಗಲೇ ನನಗೆ ಗೊತ್ತಿತ್ತು.

ಬಾಗಿಲು ಎಳೆದುಕೊಂಡು ಹೊರಬಂದೆ. ಶಾಂತಿರಾಜಯ್ಯ ಹೂವಿನವನ ಹತ್ತಿರ ಮಾತಿಗೆ ನಿಂತಾಗ, ಬಾಗಿಲ ಹಲಗೆಗೆ ಕಿವಿ ಹಚ್ಚಿದೆ. ಒಳಗೆ ಅವರು ಕೂಗುತ್ತಿದ್ದರೋ, ಸುಮ್ಮನಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ.