ಸುಳ್ಳು ಎಚ್ಚರಿಕೆ

ಹತ್ತೂಕಾಲರ ಹೊತ್ತಿಗೆ ಆಸ್ಪತ್ರೆಯ ಎಲ್ಲ ಪರದೆಗಳ ಮೇಲೂ ಒಂದೇ ಒಕ್ಕಣೆ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಿದ್ದರೆ ಹಣದ ಮಾತಾಡಿ. ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುತ್ತಿದ್ದವಳು ಸರ್ವರ್ ಕೋಣೆಯಲ್ಲಿ ಮಂಡಿಯೂರಿ ಒಂದೊಂದೇ ಕೇಬಲ್ ಕೀಳುತ್ತಿದ್ದಳು. ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಕೀಳುತ್ತಿದ್ದಳು. ಬ್ಯಾಕಪ್ ಇಟ್ಟಿದ್ದ ಯಂತ್ರಕ್ಕೂ ಬೀಗ ಬಿದ್ದಿದ್ದನ್ನು ಆಗಲೇ ನೋಡಿಯಾಗಿತ್ತು.

"ಎಲ್ಲಿಂದ ನುಗ್ಗಿದ್ದು?" ಬಾಗಿಲಲ್ಲಿ ನಿಂತ ಮ್ಯಾನೇಜರ್ ಕೇಳಿದ.

"ನೋಡ್ತಿದೀನಿ ಸರ್."

"ಬೇಗ ನೋಡಮ್ಮ. ಮೇಲಿನೋರು ನನ್ನ ತಲೆ ತಿಂತಿದಾರೆ."

ಮಧ್ಯಾಹ್ನ ಜಾಡು ಸಿಕ್ಕಿತು. ಹತ್ತೊಂಬತ್ತು ದಿನಗಳ ಹಿಂದೆ, ಕ್ಯಾನ್ಸರ್ ವಿಭಾಗದ ನೋಂದಣಿ ಕೌಂಟರಿನಲ್ಲಿ, ಸ್ಕ್ಯಾನ್ ವರದಿಯ ಹೆಸರಲ್ಲಿ ಬಂದ ಇಮೇಲ್ ಒಂದನ್ನು ಯಾರೋ ತೆರೆದಿದ್ದರು. ಯಾರೋ ಏನು ಬಂತು, ಅಲ್ಲಿ ಕೂರುವವರು ಒಬ್ಬರೇ. ಎಲ್ಲರ ಬಾಯಲ್ಲೂ ದೊಡ್ಡಪ್ಪ ಆಗಿಹೋಗಿದ್ದ, ನಿವೃತ್ತಿಗೆ ಏಳು ತಿಂಗಳಿದ್ದ ಗುಮಾಸ್ತರು. ಇವಳು ಕೆಲಸಕ್ಕೆ ಸೇರಿದ ದಿನ, "ನಮ್ಮ ಮೌಸುಗಳನ್ನ ಕಾಯೋಕೆ ಬಂದ ಬೆಕ್ಕು ನೀನೇನಾ?" ಎಂದು ನಕ್ಕಿದ್ದರು. ಆಮೇಲೆ ಅದೇ ಅವಳ ಹೆಸರಾಯಿತು.

ದಾಖಲೆಯ ಮುಂದಿನ ಸಾಲನ್ನು ಅವಳು ಎರಡು ಸಲ ಓದಿದಳು. ಇಮೇಲ್ ತೆರೆದ ನಾಲ್ಕೇ ನಿಮಿಷಕ್ಕೆ ಕಾವಲು ತಂತ್ರಾಂಶ ಎಚ್ಚರಿಕೆ ಕೊಟ್ಟಿತ್ತು. ಅಂಥವು ದಿನಕ್ಕೆ ಮುನ್ನೂರು ಬರುತ್ತಿದ್ದವು, ನೋಡಲು ಇದ್ದದ್ದು ಇವಳೊಬ್ಬಳು. 'ಸುಳ್ಳು ಎಚ್ಚರಿಕೆ' ಎಂದು ಬರೆದು ಅದನ್ನು ಮುಚ್ಚಿದ್ದಳು. ಅದಕ್ಕೆ ಹಿಡಿದದ್ದು ಹನ್ನೊಂದು ಸೆಕೆಂಡು.

ಎರಡೂ ಸಾಲುಗಳನ್ನು ಮ್ಯಾನೇಜರ್ ಮುಂದಿಟ್ಟಳು.

"ಎರಡನೇದು ವರದೀಲಿ ಬೇಡ," ಎಂದ.

"ತಪ್ಪು ನಂದು ಸರ್. ಅವತ್ತೇ ಆ ಒಂದು ಕಂಪ್ಯೂಟರ್ ಕಿತ್ತಿಟ್ಟಿದ್ರೆ..."

"ನೀನು ಹೋದ್ರೆ ಇದನ್ನ ಸರಿ ಮಾಡೋರ್ಯಾರು? ಇನ್ನೊಬ್ಬರನ್ನ ಕೊಡಿ ಅಂತ ನೀನು ಮೂರು ಸಲ ಬರೆದಿದ್ದೆ. ಆಗಲ್ಲ ಅಂದೋನು ನಾನು. ಅದೂ ಹೊರಗೆ ಬರುತ್ತೆ." ದನಿ ತಗ್ಗಿಸಿದ. "ದೊಡ್ಡಪ್ಪಂದು ಹೇಗೂ ಮುಗಿಯೋ ಕಾಲ."

ಎರಡನೇ ಸಾಲಿಲ್ಲದ ವರದಿಗೆ ಅವಳು ಸಹಿ ಹಾಕಿದಳು. ಆಗ ಏನು ಯೋಚಿಸಿದೆ ಎಂದು ಆಮೇಲೆ ಎಷ್ಟು ಕೆದಕಿದರೂ ಹೊಳೆಯಲಿಲ್ಲ. ಹೊಟ್ಟೆ ಹಸಿದಿತ್ತು, ಅಷ್ಟೇ ನೆನಪು.

ಮರುದಿನ ದೊಡ್ಡಪ್ಪ ಅವಳ ಮೇಜಿನ ಹತ್ತಿರ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಬೆಕ್ಕೇ, ಎಲ್ಲಾ ನನ್ನಿಂದಾನಂತಲ್ಲ. ವಾರ ಮುಗಿದ್ಮೇಲೆ ಬರಬೇಡಿ ಅಂದ್ರು. ಮನೇಲಿ ಇನ್ನೂ ಬಾಯಿ ಬಿಟ್ಟಿಲ್ಲ."

ಅವಳು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದಳು.

"ಒಂದು ಕೇಳ್ತೀನಿ, ತಪ್ಪು ತಿಳೀಬೇಡ. ಕಳ್ಳ ಬಂದ್ರೆ ನಮ್ಮ ಮಷೀನು ಕೂಗುತ್ತೆ ಅಂತ ನೀನೇ ಹೇಳ್ಕೊಟ್ಟಿದ್ದೆ. ಅವತ್ತು ಕೂಗಲಿಲ್ವಾ?"

"ಇಲ್ಲ ದೊಡ್ಡಪ್ಪ," ಎಂದಳು. "ಕೂಗಲಿಲ್ಲ."

"ಅದಕ್ಕೂ ವಯಸ್ಸಾಯ್ತೇನೋ," ಎಂದು ನಗಲು ನೋಡಿದರು. ಆಗಲಿಲ್ಲ. ಅವಳ ಹೆಗಲು ತಟ್ಟಿ ಹೊರಟರು.

ಸಂಜೆ ಅವಳು ಕ್ಯಾನ್ಸರ್ ವಿಭಾಗ ಹಾದು ಹೋಗಬೇಕಾಯಿತು. ಕೌಂಟರಿನ ಮುಂದೆ ಗೋಡೆಯುದ್ದಕ್ಕೂ ಸಾಲು. ಹೊಸ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದುಕೊಂಡು ದೊಡ್ಡಪ್ಪ ಒಬ್ಬೊಬ್ಬರನ್ನೇ ಕೇಳಿ ಬರೆಯುತ್ತಿದ್ದರು. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ತನಗೆ ಎಷ್ಟು ಸಲ ವಿಕಿರಣ ಕೊಟ್ಟಿದ್ದಾರೆಂದು ಬೆರಳು ಮಡಿಸಿ ಎಣಿಸುತ್ತಿದ್ದಳು. ಒಂಬತ್ತಕ್ಕೆ ಬಂದು ಲೆಕ್ಕ ತಪ್ಪಿತು. ಪಕ್ಕದಲ್ಲಿದ್ದ ಮಗಳು ಹನ್ನೊಂದು ಅಂದಳು.

"ನಿಧಾನಕ್ಕೆ ಎಣಿಸಮ್ಮ," ಎಂದರು ದೊಡ್ಡಪ್ಪ, ಖಾಲಿ ಕಾಲಮ್ಮಿನ ಮೇಲೆ ಪೆನ್ನು ಎತ್ತಿ ಹಿಡಿದು.

ಹೆಂಗಸು ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದಳು.