ಬರಿಗೈಯ ಏಟು

ಫ್ಲೆಕ್ಸಿನ ಒಂದು ಮೂಲೆಯ ದಾರ ಸಡಿಲಾಗಿದೆ, ಗಾಳಿ ಬೀಸಿದಾಗಲೆಲ್ಲ ರಾಜಣ್ಣನ ಕೆನ್ನೆ ಉಬ್ಬಿ ಇಳಿಯುತ್ತದೆ, ಎದ್ದು ಹೋಗಿ ಬಿಗಿಯಬೇಕು, ನೋಡಿದವರು ನವೀನ್ ಕುಮಾರನ ಫ್ಲೆಕ್ಸ್ ಅಂಗಡಿಯ ಕೆಲಸ ಇಷ್ಟೇ ಅಂದಾರು — ಆದರೆ ಎದ್ದರೆ ಕುರ್ಚಿ ಹೋಗುತ್ತದೆ, ಮುಂದಿನ ಸಾಲಿನ ಕುರ್ಚಿ, ಬಲಗಡೆ ಮಗಳು ಬಿಂದುಶ್ರೀ ಕೂತಿದ್ದಾಳೆ, ನಡೆಯಲು ಕಲಿತಾಗಿನಿಂದ ಅವಳ ಜಾಗ ಅಪ್ಪನ ಬಲಗಡೆಯೇ, ಎಡಗಿವಿಗೆ ಕೂಗಿದರೂ ಅಪ್ಪನಿಗೆ ಕೇಳದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಶಾಮಿಯಾನದ ಕೆಳಗೆ ಸೆಕೆ, ರಾಜಣ್ಣನ ಹೊಸ ಜಿಮ್ಮಿನ ಬಾಗಿಲಿಗೆ ಬಾಳೆಕಂದು, ಒಳಗಿಂದ ಹೊಸ ರಬ್ಬರಿನ ವಾಸನೆ, ಹುಡುಗಿಯರ ಬಾಕ್ಸಿಂಗ್ ತಂಡಕ್ಕೆ ಇವತ್ತೇ ಸೇರಿಸಿಕೊಳ್ಳುತ್ತಾರಂತೆ, ಬಿಂದು ಒಂದು ವಾರದಿಂದ ನಿದ್ದೆಗೆಟ್ಟಿದ್ದಾಳೆ, ಶಾಲೆಯಲ್ಲೆಲ್ಲ ಸಾರಿದ್ದಾಳೆ, ನಮ್ಮಪ್ಪ ಕೊರಟಗೆರೆಯಲ್ಲಿ ಬಾಕ್ಸರ್ ನರಸಿಂಹರಾಜು ಅವರ ಜೊತೆ, ಈ ರಾಜಣ್ಣನ ಜೊತೆಯೇ, ರಿಂಗಿನಲ್ಲಿ ಆಡಿದ್ದರು, ಕಿವಿ ಹೋಗಿದ್ದು ಅವರ ಗುದ್ದಿಗೇ ಅಂತ. ಹೌದಲ್ಲ, ಹಾಗೇ ಅಲ್ಲವೇ ನವೀನ ಹೇಳಿದ್ದು, ಮಗಳಿಗೂ, ಅದಕ್ಕೆ ಮುಂಚೆ ಹೆಂಡತಿಗೂ, ಅದಕ್ಕೂ ಮುಂಚೆ ಹೆತ್ತವರಿಗೂ. ಬೆಳಗ್ಗೆ ಹೆಂಡತಿ ಜ್ಯೋತಿಲಕ್ಷ್ಮಿ ಇಸ್ತ್ರಿ ಮಾಡಿದ ಅಂಗಿಯನ್ನು ಮಂಚದ ಮೇಲೆ ಎಸೆದಳು, ಕಿವಿ ಕಿತ್ಕಂಡೋನ್ಗೆ ಹಾರ ಹಾಕಕ್ಕೂ ನೀವೇ ಹೋಗ್ಬೇಕಾ, ಊರಲ್ಲಿ ಬೇರೆ ಯಾರೂ ಇಲ್ವಾ. ಆಟದಲ್ಲಿ ಆಗಿದ್ದಕ್ಕೆ ಸಿಟ್ಟು ಇಟ್ಟುಕೊಳ್ಳಬಾರದು ಅಂದ. ಆಟದಲ್ಲಿ.

ಫ್ಲೆಕ್ಸಿನಲ್ಲಿ ರಾಜಣ್ಣನ ಹೊಟ್ಟೆಯನ್ನು ಕಂಪ್ಯೂಟರಿನಲ್ಲಿ ಕರಗಿಸಿದವನು, ಕೂದಲಿಗೆ ಕಪ್ಪು ಬಳಿದವನು ಅವನೇ, ಮಧುಗಿರಿಯ ಹುಲಿ ಎಂದು ಬರೆದವನೂ, ಆ ಹೆಸರು ಇಟ್ಟವನೂ ಅವನೇ, ಇಪ್ಪತ್ತನೇ ವಯಸ್ಸಿನಲ್ಲಿ, ಯಾರಿಗೆ ನೆನಪಿದೆ. ಆಗ ಪೇಪರಿನ ಕ್ರೀಡಾ ಪುಟ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದ, ಅಪ್ಪ ದೊಡ್ಡರಂಗಪ್ಪ ಬಾಗಿಲಲ್ಲಿ ನಿಂತು ಕಡಲೆಕಾಯಿ ಬಿಡಿಸುತ್ತಾ ನೋಡಿ, ದೇವರ ಪಟ ಇರೋ ಗೋಡೆ ಮ್ಯಾಲೆ ಈ ಬರಿಮೈ ರಾಕ್ಷಸರು ಯಾರ್ಲಾ ಅನ್ನುತ್ತಿದ್ದರು — ಅಲಿ, ಅಪ್ಪ, ಎದುರಾಳಿಯನ್ನು ಯಾವ ಸುತ್ತಿನಲ್ಲಿ ಬೀಳಿಸ್ತೀನಿ ಅಂತ ಮೊದಲೇ ಹೇಳಿ ಬೀಳಿಸುತ್ತಿದ್ದವನು, ಪ್ರಾಸ ಕಟ್ಟಿ ಬೈಯುತ್ತಿದ್ದವನು, ಯುದ್ಧಕ್ಕೆ ಬರಲ್ಲ ಅಂದು ಪಟ್ಟ ಕಳೆದುಕೊಂಡವನು. ಇವನು ಟೈಸನ್, ಜೈಲಿಗೆ ಹೋಗಿ ಬಂದವನು, ರಿಂಗಿನಲ್ಲೇ ಎದುರಾಳಿ ಹೋಲಿಫೀಲ್ಡನ ಕಿವಿ ಕಚ್ಚಿದವನು. ಥೂ, ಕಿವಿ ಕಚ್ಚೋನ ಪಟ ಇಟ್ಕಂಡಿದ್ದೀಯ ಅಂದರು ಅಪ್ಪ. ಇಟ್ಟುಕೊಂಡಿದ್ದ, ಯಾಕೆ ಅಂತ ಗೊತ್ತಿರಲಿಲ್ಲ, ತೆಪ್ಪಗೆ ಆಡಿ ತೆಪ್ಪಗೆ ಗೆದ್ದವರ ಪಟ ಒಂದೂ ಇರಲಿಲ್ಲ, ಬಾಯಿ ಜೋರಿದ್ದವರು ಬೇಕಿತ್ತು, ಕೆಟ್ಟು ಹೋದರೂ ಮಿಂಚಿದವರು ಬೇಕಿತ್ತು, ಅಂಥ ಒಬ್ಬ ನಮ್ಮ ತಾಲ್ಲೂಕಿನಲ್ಲೂ ಇರಬೇಕಿತ್ತು. ಸಿಕ್ಕಿದ. ರಾಜಣ್ಣ ಆಗ ಬರೀ ಬಲವಿದ್ದ ಮನುಷ್ಯ, ಮಾತು ಬರುತ್ತಿರಲಿಲ್ಲ, ಮಾತು ಕೊಟ್ಟವನು ನವೀನ, ಬಸ್ಸಿನ ಹಿಂದಿನ ಸೀಟಿನಲ್ಲಿ ಅಲಿಯ ಕಥೆ ಹೇಳಿ ಹೇಳಿ, ಅಣ್ಣ ನೀವೂ ಸುತ್ತು ಹೇಳ್ಬೇಕು, ಅಣ್ಣ ರಿಂಗಿಗೆ ಬರೋವಾಗ ಹಿಂಗೆ ಕೈ ಎತ್ತಬೇಕು, ಶಿರಾದ ದರ್ಜಿಯ ಹತ್ತಿರ ಹಳದಿ ಸ್ಯಾಟಿನ್ ನಿಲುವಂಗಿ ಹೊಲಿಸಿದ, ಬೆನ್ನ ಮೇಲೆ ಹುಲಿ, ಹುಲಿ ಬೆಕ್ಕಿನ ಹಾಗಿತ್ತು, ಆದರೂ ಜನ ಶಿಳ್ಳೆ ಹಾಕಿದರು. ರೆಫರಿಯನ್ನು ತಳ್ಳಿ ಅಮಾನತಾದರೂ ಶಿಳ್ಳೆ, ಬಹುಮಾನದ ಬಟ್ಟಲನ್ನು ಜನರ ಮಧ್ಯೆ ಎಸೆದರೂ ಶಿಳ್ಳೆ. ಆಮೇಲೆ ಕೊರಟಗೆರೆ. ಹೈಸ್ಕೂಲ್ ಮೈದಾನದ ಪ್ರದರ್ಶನ ಪಂದ್ಯ, ಎದುರಿಗೆ ಪಾವಗಡ ಕಡೆಯ ಹಾಲೇಶ, ಕಡ್ಡಿ ಹಾಗಿದ್ದ ಎಡಗೈ ಹುಡುಗ, ಒಂದು ಮಾತಾಡಲಿಲ್ಲ, ರಾಜಣ್ಣ ಅವನ ಸುತ್ತ ಕುಣಿದ, ಗಲ್ಲ ಮುಂದೆ ಮಾಡಿ ಹೊಡಿ ನೋಡಾನ ಅಂದ, ಹಾಲೇಶ ಹೊಡೆದ. ಹೊಡೆಯುತ್ತಲೇ ಇದ್ದ. ಪಾಯಿಂಟಿನಲ್ಲಿ ಗೆದ್ದು ಗ್ಲೌಸು ಬಿಚ್ಚಿಟ್ಟು ತನ್ನ ಊರಿನ ಬಸ್ಸು ಹತ್ತಿದ, ಈಗ ತಿರುಮಣಿಯ ಸೋಲಾರ್ ಫಲಕ ತೊಳೆಸುವ ಕೆಲಸದಲ್ಲಿದ್ದಾನಂತೆ, ಅವನ ಮುಖದ ಫ್ಲೆಕ್ಸನ್ನು ಯಾರೂ ಯಾವತ್ತೂ ಮಾಡಿಸಿಲ್ಲ, ಮಾಡಿಸಿದ್ದರೆ ನವೀನನಿಗೆ ಗೊತ್ತಾಗುತ್ತಿತ್ತು. ಅವತ್ತು ಶಾಲೆಯ ಹಿಂದೆ, ನೀರಿನ ತೊಟ್ಟಿಯ ಹತ್ತಿರ, ಟವೆಲ್ ಹಿಡಿದು ನಿಂತು ನವೀನ ಹೇಳಿದ್ದು ಒಂದೇ ಮಾತು, ಅಣ್ಣ, ನೀವು ಕೈ ಇಳಿಸಿಬುಟ್ರಿ, ಅದಕ್ಕೇ ಸೋತಿದ್ದು. ರಾಜಣ್ಣ ಗುದ್ದಲಿಲ್ಲ. ಗುದ್ದಿದ್ದರೆ ಆಗುತ್ತಿತ್ತು, ಗಂಡಸಿಗೆ ಗಂಡಸು ಗುದ್ದಿದ ಹಾಗೆ. ಬರಿಗೈ, ಅಗಲ ಮಾಡಿ, ಸುಳ್ಳು ಹೇಳಿದ ಮಗುವಿಗೆ ಹೊಡೆಯುವ ಹಾಗೆ, ಕಪಾಳಕ್ಕೆ, ಕಿವಿ ಸೇರಿಸಿ — ತಲೆಯೊಳಗೆ ಏನೋ ಸಿಡಿದ ಸದ್ದು, ಆಮೇಲೆ ನೀರು ತುಂಬಿದ ಹಾಗೆ ಮೌನ. ಯಾರಿಗೂ ಹೇಳಲಿಲ್ಲ, ಕೀವಾದರೂ ಹೇಳಲಿಲ್ಲ, ದಿಂಬಿನ ಮೇಲಿನ ಕಲೆಯನ್ನು ಅಮ್ಮ ನೋಡಿ ತುಮಕೂರಿಗೆ ಎಳೆದುಕೊಂಡು ಹೋಗುವ ಹೊತ್ತಿಗೆ ಡಾಕ್ಟರು ತಲೆ ಆಡಿಸಿದರು, ಕಿವಿತಮಟೆ ಪೂರ್ತಿ ಹೋಗಿದೆ, ಒಳಗೂ ಹಬ್ಬಿದೆ, ಏನಾಯಿತು ಅಂದರು. ಬಾಕ್ಸಿಂಗ್ ಆಡ್ತಿದ್ದೆ ಸಾರ್. ಬಾಯಿಗೆ ತಾನಾಗಿ ಬಂದ ಮಾತು, ಆಮೇಲೆ ಅದಕ್ಕೆ ಗ್ಲೌಸು ತೊಡಿಸಿದ, ರಿಂಗು ಕಟ್ಟಿಸಿದ, ಎಡಗಡೆಯಿಂದ ಬಂದ ಹುಕ್ಕು ಗುದ್ದು ಅಂದ, ಹೇಳುತ್ತಾ ಹೇಳುತ್ತಾ ತಾನೂ ಎರಡು ಏಟು ಕೊಟ್ಟಿದ್ದ. ಹೋಲಿಫೀಲ್ಡನ ಕಿವಿ ಲೋಕಕ್ಕೆಲ್ಲ ಗೊತ್ತು, ಕಚ್ಚಿದವನು ಎಷ್ಟೋ ವರ್ಷದ ಮೇಲೆ ಟೀವಿಯಲ್ಲಿ ಎಲ್ಲರ ಎದುರು ತಪ್ಪಾಯಿತು ಅಂದ, ಇಬ್ಬರೂ ಗೆಳೆಯರ ಹಾಗೆ ಕೂತಿದ್ದರು, ಆ ವೀಡಿಯೋ ನವೀನ ಎಷ್ಟು ಸಲ ನೋಡಿದ್ದಾನೋ. ರಾಜಣ್ಣ ಎಲ್ಲರ ಎದುರು ಅನ್ನುವುದು ಬೇಡ. ಒಂದು ಮಾತು, ಕೈ ಹಿಡಿದುಕೊಂಡು, ಮೆತ್ತಗೆ, ಸಾಕು.

ರಾಜಣ್ಣ ಮೈಕು ಹಿಡಿದಾಗಿದೆ, ಬಿಳಿ ಅಂಗಿ, ಕತ್ತಿನಲ್ಲಿ ಚಿನ್ನದ ಸರ, ಮೀಸೆ ಮಾತ್ರ ಆಗಿನ ಹಾಗೇ, ಮುಂದಿನ ಚುನಾವಣೆಗೆ ನಿಲ್ಲುತ್ತಾನಂತೆ, ನಿಲ್ಲಲಿ, ಮಾತು ಹೇಗೆ ಹರಿಯುತ್ತಿದೆ ನೋಡು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು, ನಾನು ಕೊಟ್ಟ ಬಾಯಿ, ಬಿಂದು ಮೊಬೈಲು ಎತ್ತಿ ಹಿಡಿದಿದ್ದಾಳೆ, ರೆಫರಿಯ ಕಥೆ ಆಯಿತು, ಬಟ್ಟಲಿನ ಕಥೆ ಆಯಿತು, ಜನ ಕುರ್ಚಿ ಕುಟ್ಟಿ ನಗುತ್ತಿದ್ದಾರೆ — ಇನ್ನೊಂದು ಹೇಳ್ತೀನಿ ಕೇಳ್ರಪ್ಪ, ಕೊರಟಗೆರೇಲಿ ಒಂದ್ಸಲ, ನನ್ನ ಟವೆಲ್ ಹಿಡಿಯೋನು ಒಬ್ಬ ಹುಡುಗ ಇದ್ದ, ನಾನು ಸೋತೆ ಅಂತ ನನ್ನ ಮುಖಕ್ಕೇ ಅಂದ್ಬುಟ್ಟ, ಬುಡ್ತೀನಾ, ಗ್ಲೌಸು ಗೀಸು ಏನೂ ಇಲ್ಲ, ಬರಿಗೈಲಿ ಕಪಾಳಕ್ಕೆ ಒಂದು ಬಿಟ್ಟೆ ನೋಡಿ, ಟವೆಲ್ ಒಂದು ಕಡೆ, ಅವನೊಂದು ಕಡೆ, ತೊಟ್ಟಿಗೇ ಬಿದ್ದ. ತೊಟ್ಟಿಗೆ ಬೀಳಲಿಲ್ಲ, ತೊಟ್ಟಿಗೆ ಬೀಳಲಿಲ್ಲ, ಗೋಡೆ ಹಿಡಿದು ನಿಂತಿದ್ದೆ, ಟವೆಲ್ ಬಿಡಲಿಲ್ಲ. ಯಾವನೋ ಏನೋ, ಹೆಸರೂ ಮರ್ತೋಗೈತೆ ಅಂದ ರಾಜಣ್ಣ, ಅವತ್ತಿಂದ ನಾನು ಸೋತೆ ಅಂತ ಯಾರೂ ಬಾಯಿ ಬಿಟ್ಟಿಲ್ಲ. ನಗು, ಬಲಗಡೆಯಿಂದ ಮಾತ್ರ ಬರುವ ನಗು, ಅದರಲ್ಲಿ ಬಿಂದುವಿನದೂ ಇತ್ತು, ತಟಕ್ಕನೆ ನಿಂತಿತು. ಅವಳು ಮೊಬೈಲು ಇಳಿಸಲಿಲ್ಲ, ಮುಖ ಮಾತ್ರ ತಿರುಗಿಸಿದಳು, ಅವನ ಮುಖ ನೋಡಲಿಲ್ಲ, ಮುಖ ದಾಟಿ ಎಡಗಿವಿ ನೋಡಿದಳು. ಅಪ್ಪ, ಆ ಹುಡುಗ ನೀವಾ. ಹೂಂ ಅಂದ. ಅಂದುಬಿಟ್ಟ. ಗೋಡೆಯ ಹಾಗೆ ಇಷ್ಟು ವರ್ಷ ನಿಂತಿದ್ದ ಸುಳ್ಳು, ಒಂದು ಹೂಂ ಸಾಕಾಯಿತು ಕೆಡವಲು.

ಈಗ ನವೀನ್ ಕುಮಾರ್ ಅವರು ಹಾರ ಹಾಕಿ ಸನ್ಮಾನಿಸಬೇಕು ಅಂತ ಕರೆದರು, ಹೋಗಬಾರದಿತ್ತು, ಕಾಲು ತಾವೇ ನಡೆದವು, ಮೆಟ್ಟಿಲು ಹತ್ತುವಾಗಲೂ ಮೈಕು ಕಿತ್ತುಕೊಂಡು ಹೇಳಿಬಿಡಬೇಕು ಅಂತಲೇ ಇತ್ತು, ಆ ಹುಡುಗ ನಾನೇ, ನಿಮಗೆ ಬಾಯಿ ಕೊಟ್ಟವನು ನಾನೇ, ನೀವು ಸೋತಿದ್ದಿರಿ ರಾಜಣ್ಣ — ಕೈ ಹಾರ ಹಾಕಿತು. ತಮಟೆಯವರು ಶುರು ಹಚ್ಚಿಕೊಂಡರು. ಅಣ್ಣ, ನಾನು ನವೀನ, ಕೊರಟಗೆರೆ, ಎಂದು ಎಷ್ಟು ಮೆತ್ತಗೆ ಅಂದನೋ, ಕೇಳಿಸಿತೋ ಇಲ್ಲವೋ, ರಾಜಣ್ಣನ ನಗು ಒಂದು ಗಳಿಗೆ ಹಾಗೇ ನಿಂತಿತು, ಕಣ್ಣು ಸಣ್ಣದಾಯಿತು, ಭಾರವಾದ ಕೈ ಹೆಗಲ ಮೇಲೆ ಬಿತ್ತು, ಹತ್ತಿರ ಎಳೆದುಕೊಂಡು ಬಗ್ಗಿ ಕಿವಿಯಲ್ಲಿ ಏನೋ ಹೇಳಿದ, ಎಡಗಿವಿಯಲ್ಲಿ. ಬಿಸಿಯುಸಿರು, ಏಲಕ್ಕಿ ವಾಸನೆ, ಅಷ್ಟೇ. ಇಲ್ಲಿ ನೋಡಿ ಸಾರ್ ಅಂದ ಫೋಟೋದವನು. ನವೀನ ತಲೆಯಾಡಿಸಿದ, ಎಲ್ಲ ಕೇಳಿಸಿದವನ ಹಾಗೆ ತಲೆಯಾಡಿಸಿದ, ನಕ್ಕ. ಇನ್ನೊಂದು ಸಲ ಹೇಳಿ ಅಣ್ಣ, ಈ ಕಿವಿಗೆ ಹೇಳಿ ಅನ್ನುವಷ್ಟರಲ್ಲಿ ಮುಂದಿನ ಹಾರದವನು ಅವನನ್ನು ಪಕ್ಕಕ್ಕೆ ಸರಿಸಿದ. ಕೆಳಗಿಳಿದಾಗ ಬಿಂದು ರಸ್ತೆಯಲ್ಲಿ ಸ್ಕೂಟರಿನ ಹತ್ತಿರ ನಿಂತಿದ್ದಳು, ನಾನು ಇಲ್ಲಿ ಸೇರಲ್ಲ ಅಪ್ಪ, ನಡೀರಿ ಹೋಗಾನ. ಸರಿ ಅನ್ನಬೇಕಿತ್ತು, ತಲೆ ಸವರಬೇಕಿತ್ತು, ನಿನ್ನಪ್ಪ ರಿಂಗಿಗೆ ಇಳಿಯಲೇ ಇಲ್ಲ ಕಣಮ್ಮ, ಸೋತಿದ್ದನ್ನು ಸೋತೆ ಅಂದ, ಅಷ್ಟೇ ಅವನು ಮಾಡಿದ್ದು ಅನ್ನಬೇಕಿತ್ತು. ವೀಡಿಯೋ ಮಾಡಿದೆಯಾ ಅಂದ. ಅವಳು ಅವನನ್ನೇ ನೋಡಿದಳು, ಹೆಂಡತಿಯ ಕಣ್ಣು ಅವಳ ಮುಖದಲ್ಲಿ ಮೊದಲ ಸಲ ಕಂಡಿತು, ಮೊಬೈಲು ಕೈಗೆ ಕೊಟ್ಟಳು. ಬಲಗಿವಿಗೆ ಹಿಡಿದ, ಬರೀ ತಮಟೆ. ಕಣ್ಣಿಗೆ ಹಿಡಿದ, ಮೀಸೆಯ ಕೆಳಗೆ ತುಟಿ ಆಡುತ್ತದೆ, ತಪ್ಪಾಯ್ತು ಕಣ್ಲಾ ಅಂದಿರಬಹುದು, ತುಟಿ ಕೂಡಿತಲ್ಲ, ಪ ಅನ್ನಲು ತುಟಿ ಕೂಡಲೇಬೇಕು, ಮ ಅನ್ನಲೂ ಕೂಡಬೇಕು, ಮುಚ್ಕಂಡು ಹೋಗು ಅಂದರೂ ಕೂಡುತ್ತದೆ, ಪ್ಲೆಕ್ಸು ಚೆನ್ನಾಗೈತೆ ಅಂದರೂ — ಮತ್ತೆ ಹಾಕಿದ, ತುಟಿ ಕೂಡಿತು, ಬಿಟ್ಟಿತು, ಅಪ್ಪ ಸಾಕು ಅಂದಳು ಬಿಂದು, ಇರಮ್ಮ ಇನ್ನೊಂದ್ಸಲ, ತುಟಿ ಕೂಡಿತು, ಬಿಟ್ಟಿತು, ಕೂಡಿತು