ಒಬ್ಬರಷ್ಟೇ ಹಿಡಿಸುವ ಕಂಬಳಿ

ಶಾಂತರಾಜು ಮೂರನೇ ಸಲ ಚೀಲದಿಂದ ಕಂಬಳಿ ಕಿತ್ತು ಹೊರಗೆಸೆದಾಗ ಕೋಮಲಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಸಿವರಾತ್ರಿ ಬಂದ್ಮೇಲೆ ಎಲ್ಲಿ ಚಳಿ ಕಣಮ್ಮೀ? ಓಯ್ತಿರದು ಮಾದಪ್ಪನ ಬೆಟ್ಟಕ್ಕೋ, ಹಿಮಾಲಯಕ್ಕೋ? ನೋಡಿಲ್ಲಿ." ಗಂಡ ಮೊಬೈಲು ಹಿಡಿದ. "ಮೂವತ್ಮೂರು ಡಿಗ್ರಿ!"

"ಅದು ಕೊಳ್ಳೇಗಾಲದ ಮಧ್ಯಾನದ್ದು. ತಾಳಬೆಟ್ಟದ ಬೆಳಗಿನ ಜಾವದ್ದು ತೋರ್ಸು."

ತೋರಿಸಲಿಲ್ಲ. ಮೊಬೈಲು ಜೇಬಿಗೆ ಹೋಯಿತು.

ಮುಳ್ಳೂರಿನಿಂದ ಬೆಟ್ಟಕ್ಕೆ ನಡೆಯುವ ಇವರ ಗುಂಪಿನ ಗಂಡಸರದು ಒಂದು ಗತ್ತು. ಹೆಗಲ ಮೇಲೊಂದು ಟವೆಲು, ಅಷ್ಟೇ. ಹೊರೆ ಹೊತ್ತರೆ ಭಕ್ತಿ ಕಮ್ಮಿಯಾಗುತ್ತದಂತೆ. ಹೊದಿಕೆ, ಬುತ್ತಿ, ನೀರು, ಮಾತ್ರೆ ಎಲ್ಲವೂ ಹೆಂಗಸರ ತಲೆಯ ಮೇಲೆ. ಅದಕ್ಕೆ ಮಾತ್ರ ಭಕ್ತಿಯೆಂಬ ಹೆಸರಿಲ್ಲ. ಹಗಲೆಲ್ಲ ಆ ಗಂಟನ್ನು ನೋಡಿ ನಗುವವರೇ ರಾತ್ರಿ ಎರಡಕ್ಕೆ ಅದರ ಸುತ್ತ ನೆರೆಯುತ್ತಾರೆ.

ಹೋದ ವರ್ಷ ಹಾಗೇ ಆಯಿತು. ಘಟ್ಟ ಹತ್ತುವ ಹಿಂದಿನ ರಾತ್ರಿ, ಕಾಡಂಚಿನ ತಾಳಬೆಟ್ಟದ ಬಯಲಿನಲ್ಲಿ, ಬೆವರಿಗೆ ನೆಂದ ಅಂಗಿ ಮೈಗಂಟಿ ಶಾಂತರಾಜು ನಡುಗತೊಡಗಿದ. ಕೋಮಲ ಕಂಬಳಿಯ ಅಂಚು ಕೊಟ್ಟಳು. ಅಂಚು ಅರ್ಧವಾಯಿತು. ಆಚೆ ಬದಿಯಿಂದ ಮೈದುನ ಪರಮೇಶ ನುಸುಳಿದ. ಬೆಳಗಾಗುವಾಗ ಕಂಬಳಿ ಅಣ್ಣತಮ್ಮಂದಿರದು, ಸೆರಗು ಇವಳದು. ಜ್ವರ ಬಂತು. ಇವಳನ್ನು ಊರಿನ ಬಸ್ಸು ಹತ್ತಿಸಿ ಅವರು ಬೆಟ್ಟ ಹತ್ತಿದರು.

ಮಗಳು ದೀಪಳಿಗೆ ಡೆಂಗಿಯಾಗಿದ್ದಾಗ, ನಡೆದೇ ಬರುತ್ತೇನೆಂದು ಕೋಮಲ ಹೊತ್ತ ಹರಕೆ ಕೊನೆಯ ಹದಿನೆಂಟು ಕಿಲೋಮೀಟರಿನಲ್ಲಿ ನಿಂತುಬಿಟ್ಟಿತು. ಅವತ್ತಿನಿಂದ ದೀಪ ಸೀನಿದರೆ ಸಾಕು, ಅತ್ತೆ ಪುಟ್ಟಬಸಮ್ಮ ಶುರು ಮಾಡುತ್ತಿದ್ದಳು: "ಅರ್ಧ ದಾರಿಗೆ ತಿರುಕ್ಕಂಡು ಬಂದೋಳು. ಕೂಸು ನೆಟ್ಟಗಿರ್ತದಾ?" ಕಂಬಳಿ ಕಿತ್ತುಕೊಂಡವರು ಯಾರೆಂದು ಒಬ್ಬರೂ ಕೇಳಲಿಲ್ಲ.

ಅದಕ್ಕೇ ಈ ಸಲ ಕೋಮಲ ಕಂಬಳಿಯನ್ನು ಎರಡಾಗಿ ಮಡಚಿ, ರಾಗಿಮೂಟೆ ಹೊಲಿಯುವ ದಬ್ಬಳ ತೆಗೆದುಕೊಂಡು, ತಳವನ್ನೂ ಬದಿಯನ್ನೂ ಹೊಲಿದುಬಿಟ್ಟಿದ್ದಳು. ಅದೀಗ ಒಂದು ಉದ್ದನೆಯ ಚೀಲ. ಹೊರಗೆಸೆದ ಮೇಲೆಯೇ ಶಾಂತರಾಜು ಅದನ್ನು ಸರಿಯಾಗಿ ನೋಡಿದ್ದು.

"ಏನಮ್ಮೀ ಇದು, ಹೆಣ ಕಟ್ಟಂಗೆ ಒಲ್ದಿದ್ದೀಯ! ಇಬ್ರು ಎಂಗೆ ತೂರದು?"

"ತೂರಕಾಗ್ದು. ಅದಕ್ಕೇ ಒಲ್ದಿರದು. ನಿನ್ನ ದುಪ್ಪಟಿ ಇಲ್ಲೇ ಅದೆ. ನೀನೇ ಹೊರು."

ಹೊತ್ತ. ಹನೂರಿನವರೆಗೆ.

"ದುಪ್ಪಟಿ ಎಲ್ಲಿ?" ಮಾರನೆಯ ದಿನ ಕೌದಳ್ಳಿ ಹತ್ತಿರ ಅವನ ಬರಿಯ ಹೆಗಲು ನೋಡಿ ಕೇಳಿದಳು.

"ಭಾರ ಕಣಮ್ಮೀ. ಹನೂರಲ್ಲಿ ಟೀ ಅಂಗಡಿಯೋನ ತಾವ ಮಡಗ್ಬಂದೆ. ವಾಪಸ್ ಬತ್ತಾ ತಕಂಡ್ರಾಯ್ತು."

"ವಾಪಸ್ ಬತ್ತಾ ಬಿಸ್ಲಿಗೆ ಹೊದ್ಕಂಡೀಯಾ?"

ಪರಮೇಶ ಕಿಸಕ್ಕನೆ ನಕ್ಕ. ಅವನ ಹೆಗಲ ಮೇಲೂ ಟವೆಲೊಂದೇ ಇತ್ತು.

ತಾಳಬೆಟ್ಟದಲ್ಲಿ ಕೋಮಲ ಕತ್ತಿನವರೆಗೆ ಚೀಲದೊಳಗಿಳಿದು ಮಲಗಿದಳು. ಬಯಲಲ್ಲಿ ಓಡಾಡುವವರ ಟಾರ್ಚು ಮೈಮೇಲೆ ಹಾದುಹೋದರೆ ಸೆರಗು ಸರಿಮಾಡಿಕೊಳ್ಳುವ ಗೋಜೂ ಇರಲಿಲ್ಲ. ನಡುರಾತ್ರಿ ಕಳೆದ ಮೇಲೆ ಒಂದು ಕೈ ಕಂಬಳಿಯ ಅಂಚು ಹುಡುಕಿತು. ಅಂಚಿರಲಿಲ್ಲ.

"ಅಮ್ಮೀ, ವಸಿ ಒಲಿಗೆ ಬಿಚ್ಚು."

"ಬಿಚ್ಚಕಿಲ್ಲ."

"ಸತ್ತೋಯ್ತೀನಿ ಕಣಮ್ಮೀ."

"ಹದಿನೈದು ಡಿಗ್ರಿಗೆ ಯಾರೂ ಸಾಯಕಿಲ್ಲ. ಬೇಕಾದ್ರೆ ಮೊಬೈಲ್ ನೋಡ್ಕೊ."

ಜೊತೆಗೆ ನಡೆದು ಬಂದಿದ್ದ ಅತ್ತೆ ಪಕ್ಕದಲ್ಲಿ ಎದ್ದು ಕೂತಳು. "ಗಂಡ ಗದಗದ ನಡುಗ್ತಾವ್ನೆ, ನೀನು ಮೂಟೆಯಂಗೆ ಬಿದ್ದಿದ್ದೀಯಲ್ಲ! ಜನ ನೋಡ್ತಾವ್ರೆ."

"ನೋಡ್ಲಿ. ಓದ್ವರ್ಸ ನಾನು ನಡುಗ್ದಾಗ ಯಾರೂ ನೋಡ್ನಿಲ್ವಲ್ಲ. ನಿಮ್ಮ ಕಂಬ್ಳಿ ಕೊಡಿ ಅತ್ತೆ, ನಿಮ್ಮ ಮಗನೇ ಅಲ್ವಾ?"

ಪುಟ್ಟಬಸಮ್ಮ ತನ್ನ ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು ಆ ಕಡೆ ಮಗ್ಗುಲಾದಳು.

ಶಾಂತರಾಜು ಗೊಣಗುತ್ತ ಬಯಲಲ್ಲಿ ಹಾಕಿದ್ದ ಬೆಂಕಿಯ ಹತ್ತಿರ ಹೋದ. ಅಲ್ಲಾಗಲೇ ಪರಮೇಶನೂ ಸೇರಿ ಏಳೆಂಟು ಟವೆಲಿನವರು ಮಂಡಿ ತಬ್ಬಿ ಕೂತಿದ್ದರು. ಗಂಡನ ಹಲ್ಲು ಕಟಕಟಿಸುವುದು ಅಷ್ಟು ದೂರದಿಂದಲೂ ಕೇಳುತ್ತಿತ್ತು, ಅಥವಾ ಕೇಳುತ್ತಿದೆಯೆಂದು ಕೋಮಲಳಿಗೆ ಅನ್ನಿಸುತ್ತಿತ್ತು. ಕೈ ಎರಡು ಸಲ ಹೊಲಿಗೆಯವರೆಗೆ ಹೋಯಿತು. ಹನ್ನೆರಡು ವರ್ಷದ ಅಭ್ಯಾಸ. ಎರಡು ಸಲವೂ ವಾಪಸು ಎಳೆದುಕೊಂಡಳು. ಆಮೇಲೆ ನಿದ್ದೆ ಬಂತು, ಹೋದ ವರ್ಷ ಬಾರದಿದ್ದ ನಿದ್ದೆ.

ಬೆಳಕು ಹರಿಯುತ್ತಲೇ ಗಂಟು ಕಟ್ಟಿ ತಲೆಗೇರಿಸಿದಳು. ಬೂದಿ ಮೆತ್ತಿದ ಮುಖದಲ್ಲಿ ಗಂಡ ಎದ್ದು ಬಂದ.

"ನಿಂತ್ಕಳಮ್ಮೀ. ಟೀ ಕುಡ್ಕಂಡು ಓಗವ."

"ಕುಡ್ಕಂಡು ಬಾ."

"ಒಬ್ಳೇ ದಾರಿ ತಪ್ಪೀಯೆ!"

"ಇಷ್ಟು ಜನ ಓಯ್ತಾವ್ರೆ, ನಾನೊಬ್ಳೇ ತಪ್ತೀನಾ?"

ಘಟ್ಟದ ಮೊದಲ ತಿರುವಿನಲ್ಲಿ ಮಂಡಿ ಕಳಕ್ಕೆಂದಿತು. ಬಂಡೆಗೆ ಕೈಯೂರಿ ನಿಂತು ಹಣೆ ಮುಟ್ಟಿ ನೋಡಿಕೊಂಡಳು. ತಣ್ಣಗಿತ್ತು. ಕೆಳಗಿನಿಂದ ಯಾರೋ ಅವಳ ಹೆಸರು ಕೂಗಿದರು. ಕೋಮಲ ಹತ್ತತೊಡಗಿದಳು.